ಅತ್ತಾಗಲೆಲ್ಲ ಹಸಿವಲ್ಲ

ಆ ಮನೆಯಲ್ಲಿ ಕೂಸು ಅತ್ತರೆ ಯಾರಿಗೂ ತಡೆಯಲು ಆಗುತ್ತಿರಲಿಲ್ಲ. ಹೆರಿಗೆಯಾದ ವಾರದಲ್ಲೇ ಅದರ ತಾಯಿ ಜ್ವರ ಬಂದು ಕಣ್ಣು ಮುಚ್ಚಿದ್ದಳು. ಉಳಿದವರು ದರ್ಜಿ ಅಪ್ಪ, ಮಗಳನ್ನು ಕಳೆದುಕೊಂಡ ಅಜ್ಜಿ, ಎರಡು ತಿಂಗಳ ಹೆಣ್ಣುಕೂಸು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದಕ್ಕೆ ಆತುಕೊಂಡಂತೆ ತೊಟ್ಟಿಲು. ಕೂಸು ಮುಲುಗಿದರೆ ಸಾಕು, ಯಂತ್ರ ನಿಲ್ಲುತ್ತಿತ್ತು, ಹಾಲಿನ ಪುಡಿಯ ಡಬ್ಬ ತೆರೆಯುತ್ತಿತ್ತು. ಡಬ್ಬದ ಮೇಲೆ ಬರೆದಷ್ಟು ಚಮಚ ಹಾಕಿದ ಮೇಲೂ ಅಪ್ಪ ಇನ್ನೊಂದನ್ನು ತುಂಬಿ ತುಳುಕುವಂತೆ ಸುರಿಯುತ್ತಿದ್ದ.

"ಬೆಳೆಯೋ ಮಕ್ಕಳ ಬಟ್ಟೇಲಿ ಒಳಗಡೆ ಸ್ವಲ್ಪ ಹೆಚ್ಚಿಗೆ ಬಿಟ್ಟೇ ಹೊಲೀತೀವಲ್ಲ ಅತ್ತೆ, ಇದೂ ಹಾಗೇ."

"ಹಾಕಿ, ಹಾಕಿ. ತಾಯಿಯಿಲ್ಲದ ಕೂಸು, ಹೊಟ್ಟೆಗಾದ್ರೂ ಕೊರತೆ ಬೇಡ," ಎನ್ನುತ್ತಿದ್ದಳು ಅಜ್ಜಿ. ಕೂಸು ಮುಖ ತಿರುಗಿಸಿದರೂ ಬಿಡದೆ, ಬಾಟಲಿ ಬರಿದಾಗುವವರೆಗೆ ಕುಡಿಸುತ್ತಿದ್ದಳು.

ಕೂಸು ಕಕ್ಕುತ್ತಿತ್ತು. ಹೊಟ್ಟೆ ಬಿಗಿದು ಮತ್ತೆ ಅಳುತ್ತಿತ್ತು. ಅತ್ತರೆ ಮತ್ತೆ ಬಾಟಲಿ.

ಲಸಿಕೆಯ ದಿನ ತಿಳಿಸಲು ಬಂದ ನರ್ಸಮ್ಮ ತೊಟ್ಟಿಲಿಗೆ ಬಗ್ಗಿ ನೋಡಿದವಳು ನಗು ನಿಲ್ಲಿಸಿದಳು. ಕೂಸಿನ ತುಟಿ ಒಣಗಿತ್ತು. ಬೆಳಗ್ಗೆ ಹಾಕಿದ ಬಟ್ಟೆ ಇನ್ನೂ ಒದ್ದೆಯಾಗಿರಲಿಲ್ಲ.

"ಮಾತು ಆಮೇಲೆ. ಮೊದಲು ಆಸ್ಪತ್ರೆಗೆ ನಡೀರಿ."

ಕೂಸಿನ ತಾಯಿ ಮರಳಿ ಬಾರದ ಅದೇ ಆಸ್ಪತ್ರೆ. ಅಜ್ಜಿ ಒಳಗೆ ಬರಲೊಲ್ಲದೆ ಬಾಗಿಲಲ್ಲೇ ಕುಳಿತಳು. ಆದರೆ ಕೂಸು ಚೇತರಿಸಿಕೊಂಡಿತು. ಮನೆಗೆ ಬಂದ ಮೇಲೆ ನರ್ಸಮ್ಮ ತನ್ನ ಕಣ್ಣೆದುರೇ ಹಾಲು ಕಲಸಲು ಹೇಳಿದಳು. ಬೆಳೆಯುವ ಮಕ್ಕಳ ಬಟ್ಟೆಯ ಅದೇ ಮಾತು ಹೇಳುತ್ತ ಅಪ್ಪ ಹೆಚ್ಚಿನ ಚಮಚಕ್ಕೆ ಕೈಹಾಕಿದ.

"ಅಯ್ಯೋ ದರ್ಜಿಯಣ್ಣ, ಆಮೇಲೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡೋಕೆ ಹೊಟ್ಟೆ ಏನು ಅಂಗೀನಾ? ಪುಡಿ ಹೆಚ್ಚಾದ್ರೆ ಕೂಸಿನ ಮೈಯ ನೀರು ಆರುತ್ತೆ, ಮಲ ಕಟ್ಟುತ್ತೆ, ಮೂತ್ರಪಿಂಡಕ್ಕೆ ಭಾರ. ಹಾಗಂತ ನೀರು ಜಾಸ್ತಿ ಮಾಡಿದ್ರೆ ಸೊರಗುತ್ತೆ. ಕುದಿಸಿದ ನೀರು ಮೊದಲು, ಆಮೇಲೆ ಪುಡಿ. ಡಬ್ಬದ ಜೊತೆ ಬಂದ ಚಮಚದಲ್ಲೇ, ಮೇಲೆ ಉಬ್ಬಿದ ಪುಡಿ ಸವರಿ ತೆಗೆದು ಹಾಕಿ."

"ಎಷ್ಟು ಕುಡಿಸಬೇಕು ಹಾಗಾದ್ರೆ?" ಎಂದ ಅಪ್ಪ.

"ಈ ವಯಸ್ಸಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು ನೂರೈವತ್ತು ಎಂಎಲ್. ನಿಮ್ಮ ಕೂಸು ನಾಲ್ಕು ಕೆಜಿ, ಅಂದ್ರೆ ಇಡೀ ದಿನಕ್ಕೆ ಆರುನೂರು. ಏಳೆಂಟು ಸಲಕ್ಕೆ ಹಂಚಿ. ಇದು ಅಂದಾಜು ಅಷ್ಟೇ. ಒಂದು ಹೊತ್ತು ಕಮ್ಮಿ ಕುಡೀಬಹುದು, ಒಂದು ಹೊತ್ತು ಹೆಚ್ಚು. ಮುಖ ತಿರುಗಿಸಿದ್ರೆ ಸಾಕು ಅಂತ ಅರ್ಥ. ಮಿಕ್ಕಿದ್ದು ಚೆಲ್ಲಿಬಿಡಿ."

ಅಜ್ಜಿಗೆ ಸಿಟ್ಟು ಬಂತು. "ಚೆಲ್ಲಬೇಕಾ! ನೀವು ಹೇಳಿ ಹೋಗ್ತೀರ ನರ್ಸಮ್ಮ. ನನ್ನ ಮಗಳು ಕೊನೇಲಿ ಒಂದು ತುತ್ತೂ ಮುಟ್ಟಲಿಲ್ಲ. ಬಾಯಿಗೆ ಇಟ್ಟಿದ್ದೆಲ್ಲ ಹಾಗೇ ಹೊರಗೆ ಬಂತು. ಇದೂ ಬೇಡ ಅಂದ್ರೆ ನನ್ನ ಎದೆ ಹೇಗೆ ತಡೀಬೇಕು?"

ನರ್ಸಮ್ಮ ಅಜ್ಜಿಯ ಪಕ್ಕ ಬಂದು ಕುಳಿತಳು. "ಅವಳಿಗೆ ಕಾಯಿಲೆ ಇತ್ತಮ್ಮ. ಇವಳು ಬೇಡ ಅಂದ್ರೆ ಹೊಟ್ಟೆ ತುಂಬಿದೆ ಅಂತ. ಎರಡೂ ಬೇರೆ."

ಅಜ್ಜಿ ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಅಪ್ಪ ಅಳತೆಯಂತೆ ಕಲಸಿಕೊಟ್ಟ ಹಾಲನ್ನು ಅದು ಚಪ್ಪರಿಸಿ ಕುಡಿಯಿತು. ಸ್ವಲ್ಪ ಉಳಿದಿರುವಾಗಲೇ ಮುಖ ತಿರುಗಿಸಿತು. ಅಜ್ಜಿಯ ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು, ಬಾಟಲಿಯನ್ನು ಕೆಳಗಿಟ್ಟಿತು.

ಸ್ವಲ್ಪ ಹೊತ್ತಿಗೆ ಕೂಸು ಮತ್ತೆ ಅತ್ತಿತು. ಅಪ್ಪ ಡಬ್ಬದತ್ತ ಎದ್ದ.

"ಇರಿ," ಎಂದಳು ಅಜ್ಜಿ. ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದಳು. ಅದು ಅವಳ ಕುತ್ತಿಗೆಗೆ ಮೂಗು ಒತ್ತಿ, ಬಿಕ್ಕಿ ಬಿಕ್ಕಿ, ಸುಮ್ಮನಾಯಿತು.

"ಇದಕ್ಕೆ ಹಾಲು ಬೇಕಿರಲಿಲ್ಲ," ಎಂದಳು ಅಜ್ಜಿ. "ಅಮ್ಮ ಬೇಕಿತ್ತು."

ಅಪ್ಪ ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ ಬಂದು ತಾನೂ ಕೂಸಿನ ಬೆನ್ನ ಮೇಲೆ ಕೈಯಿಟ್ಟ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಎದೆಹಾಲು ಸಿಗುವ ಕೂಸಿಗೆ ಅದಕ್ಕಿಂತ ಮಿಗಿಲಾದದ್ದಿಲ್ಲ. ಅದು ಸಿಗದ ಕೂಸಿಗೆ ಯಾವ ಪುಡಿ, ಎಷ್ಟು ಎಂದು ವೈದ್ಯರನ್ನೋ ನರ್ಸನ್ನೋ ಕೇಳಿ. ಪ್ರೀತಿ ಹೆಚ್ಚೆಂದು ಪುಡಿ ಹೆಚ್ಚಿಸಬೇಡಿ. ಕೂಸು ಮಂಕಾದರೆ, ಪದೇ ಪದೇ ಕಕ್ಕಿದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಸಿವಿಲ್ಲದೆ ಅತ್ತಾಗ ಎತ್ತಿಕೊಳ್ಳಿ. ಅದಕ್ಕೆ ಮಾತ್ರ ಅಳತೆಯಿಲ್ಲ.