ಮಂಚದ ಕೆಳಗಿನ ಮೆಣಸಿನಕಾಯಿ

ಮೆಣಸಿನಕಾಯಿ ಡಬ್ಬಿಯನ್ನು ಕೊಟ್ರಮ್ಮ ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಯಿಂದ ಹೊರಟೇಬಿಟ್ಟಳು. ಸೊಸೆ ಪಾರ್ವತಿ ಸೌಟು ಹಿಡಿದು ಒಲೆಯ ಮುಂದೆ ನಿಂತವಳು ನಿಂತಂತೆಯೇ ಇದ್ದಳು.

"ಇನ್ಮೇಲೆ ಸಾರಿಗೆ ಎಷ್ಟು ಬೇಕೋ ನನ್ನ ಕೇಳಿ ಇಸ್ಕಂಡು ಹೋಗು. ಹೊಟ್ಟೆ ಒಳಗೆ ಕೆಂಡ ಇಟ್ಟಂಗೆ ಆಗೈತೆ. ನಿಮ್ಮ ಹರಪನಹಳ್ಳಿ ಖಾರ ನಮ್ಮ ಹೊಳಲ್ಕೆರೆ ಹೊಟ್ಟೆಗೆ ಆಗಲ್ಲ."

"ಅತ್ತೆ, ಹಾಕಿದ್ದೇ ಎರಡು ಕಾಯಿ ಕಣ್ರಿ."

"ಎರಡೋ ಇಪ್ಪತ್ತೋ, ಉರಿಯೋದು ನನ್ನ ಹೊಟ್ಟೆ."

ಡಬ್ಬಿ ಕೊಟ್ರಮ್ಮನ ಮಂಚದ ಕೆಳಗೆ ಸೇರಿತು. ಅಂದಿನಿಂದ ಮನೆಯ ಸಾರಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಕೊಟ್ರಮ್ಮನ ಗಂಡ ಏಕಾಂತಪ್ಪ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಎಂಥ ಜಗಳಗಂಟ ಗಿರಾಕಿಗೂ ಜಗ್ಗುತ್ತಿರಲಿಲ್ಲ. ಆದರೆ ಈ ವಿಷಯದಲ್ಲಿ ಬಾಯಿ ಬಿಡುವ ಧೈರ್ಯ ಅವರಿಗೂ ಬರಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಬಜ್ಜಿ ತಿಂದು, ಬಾಯಿ ಒರೆಸಿಕೊಂಡು, ಏನೂ ಅರಿಯದವರಂತೆ ಮನೆಗೆ ಬರುವುದನ್ನು ರೂಢಿ ಮಾಡಿಕೊಂಡರು. ಪಾರ್ವತಿಗೆ ಅಂಥ ದಾರಿಯೂ ಇರಲಿಲ್ಲ. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಬಂದವರ ಮುಂದೆಲ್ಲ ಅತ್ತೆ, "ನಮ್ಮ ಸೊಸೆ ಕೈ ಖಾರ" ಎನ್ನುವುದನ್ನು ಕೇಳಿಸಿಕೊಂಡು ಸುಮ್ಮನೆ ಮಜ್ಜಿಗೆ ತಂದುಕೊಡುತ್ತಿದ್ದಳು.

ಕೊಟ್ರಮ್ಮ ಕೆಟ್ಟವಳಲ್ಲ. ತಾನು ತಪ್ಪು ಮಾಡುವುದು ಸಾಧ್ಯವೇ ಇಲ್ಲ ಎಂದು ತಿಳಿದುಕೊಂಡವಳು, ಅಷ್ಟೆ. ಎಂಟನೇ ವಯಸ್ಸಿನಿಂದ ಇಷ್ಟಲಿಂಗ ಪೂಜೆ ಒಂದು ದಿನ ತಪ್ಪಿಸಿದವಳಲ್ಲ. ಬೆಳಗಿನ ಜಾವ ಸ್ನಾನ ಮಾಡಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡರೆ ಏಳುವುದು ಒಂದು ಗಂಟೆಯ ಮೇಲೆಯೇ. ಪೂಜೆ ಮುಗಿಯದೆ ಗಂಟಲಲ್ಲಿ ಹನಿ ನೀರೂ ಇಳಿಯುವಂತಿಲ್ಲ. ಮಣೆಯ ಹತ್ತಿರ ಬೇರೆ ಯಾರೂ ಸುಳಿಯುವಂತಿಲ್ಲ.

ಆ ವರ್ಷ ಸಂಕ್ರಾಂತಿ ಕಳೆಯುವ ಹೊತ್ತಿಗೆ ಮಂಡಿಗಳು ಊದಿಕೊಂಡವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಊರಿನ ಡಾಕ್ಟರು ಒತ್ತಿ ನೋಡಿ ಚೀಟಿ ಬರೆದುಕೊಟ್ಟು ಬಿಡಿಸಿ ಹೇಳಿದ್ದರು. "ಇದು ಊತ ಇಳಿಸಿ ನೋವು ತಗ್ಗಿಸೋ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಹೊಟ್ಟೆ ತುಂಬ ಉಂಡ ಮೇಲೇನೇ ತಗೋಬೇಕು. ಹತ್ತು ದಿನ ಆದಮೇಲೆ ಬಂದು ತೋರಿಸಿ."

ಕೊಟ್ರಮ್ಮ ಎಲ್ಲಕ್ಕೂ ತಲೆಯಾಡಿಸಿ ಬಂದಳು. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಅವಳಿಗೆ ಹೊಂದಲಿಲ್ಲ. ಅವಳು ರೊಟ್ಟಿ ತಿನ್ನುವುದು ಒಂಬತ್ತಕ್ಕೆ. ಆಮೇಲೆ ಮಾತ್ರೆ ನುಂಗಿ ಮಂಡಿ ಸಡಿಲವಾದರೆ ಏನು ಬಂತು? ಮಂಡಿ ಮಡಿಚಬೇಕಾದದ್ದು ಐದಕ್ಕೆ. ಡಾಕ್ಟರಿಗೆ ಮಾತ್ರೆಯ ವಿಷಯ ಗೊತ್ತು, ಪೂಜೆಯ ವಿಷಯ ಏನು ಗೊತ್ತು ಎಂದುಕೊಂಡವಳೇ ಮಾರನೇ ದಿನ ನಾಲ್ಕಕ್ಕೆ ಎದ್ದು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಳು. ಮದ್ದು ಊಟವಲ್ಲ, ದೋಷವಿಲ್ಲ. ನೀರು ಕುಡಿಯುವಂತಿಲ್ಲ, ಹಾಗಾಗಿ ಒಣಗಂಟಲಲ್ಲೇ ನುಂಗಿದಳು. ಸ್ನಾನ ಮುಗಿಸುವ ಹೊತ್ತಿಗೆ ಮಂಡಿ ಹೇಳಿದ ಮಾತು ಕೇಳತೊಡಗಿತು. ಅವಳಿಗಾದ ಸಂತೋಷ ಇಷ್ಟಿಷ್ಟಲ್ಲ.

ಹತ್ತು ದಿನ ಕಳೆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಗುಣ ಕಾಣುತ್ತಿರುವಾಗ ಹೋಗಿ ತೋರಿಸುವುದೇನು? ಅದೇ ಹಳೆಯ ಚೀಟಿ ಕೊಟ್ಟು ಮಗನ ಕೈಲಿ ಮತ್ತೆ ಮತ್ತೆ ಮಾತ್ರೆ ತರಿಸಿದಳು. ನೋವು ಜಾಸ್ತಿಯಾದ ದಿನ ಎರಡು ನುಂಗಿದಳು. ಹೀಗೆ ನಲವತ್ತು ದಿನವಾಯಿತು. ಹೊಟ್ಟೆಯ ಉರಿ ಶುರುವಾದದ್ದೂ, ಮೆಣಸಿನಕಾಯಿ ಡಬ್ಬಿ ಮಂಚದ ಕೆಳಗೆ ಸೇರಿದ್ದೂ ಈ ನಡುವೆಯೇ.

ಕುರಿ ಸಾಕುವ ಗೊಲ್ಲರಹಟ್ಟಿಯ ಹುಚ್ಚಕ್ಕ ವಾರಕ್ಕೊಮ್ಮೆ ತುಪ್ಪ ತರುವವಳು. ಆ ದಿನ ಬಂದಾಗ ಕೊಟ್ರಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು.

"ಯಾಕ್ರಮ್ಮ, ಮುಖ ಹಿಂಗೆ ಬಿಳುಚ್ಕಂಡೈತೆ?"

"ತಲೆ ತಿರುಗ್ತೈತೆ ಕಣೇ. ಹೊಟ್ಟೆ ಉರಿ ಬೇರೆ. ಡಬ್ಬೀನೇ ಕಿತ್ಕಂಡು ಇಟ್ಕಂಡೀನಿ, ಆದ್ರೂ ಈ ಸೊಸೆ ಎಲ್ಲಿಂದ ಖಾರ ಹಾಕ್ತಾಳೋ!" ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಾಲ್ಕು ದಿನದಿಂದ ಹೊರಕಡೆಗೆ ಹೋದ್ರೆ ಟಾರು ಇದ್ದಂಗೆ ಕಪ್ಪಗೆ ಆಗ್ತೈತೆ. ಒಗ್ಗರಣೆ ಸೀಯಿಸ್ತಾಳೆ, ಅದಕ್ಕೇ ಇರ್ಬೇಕು."

ಹುಚ್ಚಕ್ಕ ತುಪ್ಪದ ಗಡಿಗೆ ಕೆಳಗಿಟ್ಟಳು. ಕೇಳದೆ, ಹೇಳದೆ, ಹತ್ತಿರ ಬಂದು ಕೊಟ್ರಮ್ಮನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದಳು.

"ಏಯ್! ನಾನೇನು ನಿನ್ನ ಕುರಿಯೇನೇ?"

"ಕುರಿ ಆಗಿದ್ರೆ ಇಷ್ಟೊತ್ತಿಗೆ ಮಲಿಕ್ಕಂಡಿರೋದು. ಕಣ್ಣೊಳಗೆ ಸುಣ್ಣ ಬಳಿದಂಗೈತೆ, ಒಂಚೂರು ಕೆಂಪಿಲ್ಲ. ಒಳಗೆ ರಕ್ತ ಸೋರ್ತಾ ಐತೆ ಕಣ್ರಮ್ಮ, ಅದೇ ಕಪ್ಪಗೆ ಬರ್ತಿರೋದು. ಇದು ಒಗ್ಗರಣೆ ಅಲ್ಲ." ಒಳಗೆ ತಿರುಗಿ ಕೂಗಿದಳು. "ಪಾರ್ವತಮ್ಮಾ, ಗಾಡಿ ಕಟ್ಟಿಸ್ರಿ! ಅತ್ತೇನ ಈಗ್ಲೇ ಡಾಕ್ಟ್ರ ತಾವ ಕರ್ಕಂಡೋಗ್ರಿ!"

ಕೊಟ್ರಮ್ಮ ಬೇಡವೆನ್ನುತ್ತಾ ಏಳಲು ಹೋಗಿ ಮತ್ತೆ ಕಂಬಕ್ಕೇ ಒರಗಿದಳು. ಪಾರ್ವತಿ ಬಂದು ತೋಳು ಹಿಡಿದು ಗಾಡಿ ಹತ್ತಿಸಿದಳು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಮಾತ್ರೆ ಯಾವಾಗ ತಗೊಳ್ತೀರಿ ಎಂದು ಕೇಳಿದರು. ಕೊಟ್ರಮ್ಮ ಆ ನಿತ್ರಾಣದಲ್ಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: "ನಾಲ್ಕು ಗಂಟೆಗೆ, ಪೂಜೆಗೆ ಮುಂಚೆ. ಒಂದು ಹನಿ ನೀರೂ ಮುಟ್ಟಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಉಂಡ ಮೇಲೆ ಅಂತ ನಾನು ಹೇಳಿದ್ದು ಸುಮ್ಮನೆ ಅಲ್ಲಮ್ಮ. ಇದು ಮಂಡಿ ನೋವು ಕಳೀತದೆ, ಹೊಟ್ಟೆ ಒಳಪದರಾನೂ ತಿಂತದೆ. ನೀವು ಬರೀ ಹೊಟ್ಟೇಲಿ, ಅದೂ ನಲವತ್ತು ದಿನ ತಗೊಂಡಿದ್ದೀರಿ. ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗ್ತಿದೆ. ಈ ಮಾತ್ರೆ ಇವತ್ತಿಗೇ ನಿಲ್ಲಬೇಕು. ಇನ್ನು ಮೇಲೆ ಯಾವ ನೋವಿನ ಮಾತ್ರೇನೂ, ತಲೆನೋವಿಂದಾದ್ರೂ ಸರಿ, ನನ್ನ ಕೇಳದೆ ಮುಟ್ಟಬೇಡಿ. ಈಗಲೇ ದುರ್ಗದ ದೊಡ್ಡಾಸ್ಪತ್ರೆಗೆ ಹೊರಡಿ."

"ಖಾರದಿಂದ ಅಲ್ವಾ?" ಕೊಟ್ರಮ್ಮನ ದನಿ ಸಣ್ಣಗಾಗಿತ್ತು.

"ಸಾರಿನ ಖಾರಕ್ಕೆ ಹಿಂಗೆ ರಕ್ತ ಹೋಗಲ್ಲ."

ಪಾರ್ವತಿ ಪಕ್ಕದಲ್ಲೇ ನಿಂತಿದ್ದಳು. ಅತ್ತೆಯ ಜಾರಿದ್ದ ಸೆರಗನ್ನು ಸರಿಮಾಡಿದಳು. ಕೊಟ್ರಮ್ಮನಿಗೆ ಹೊಟ್ಟೆಯ ಉರಿಗಿಂತ ಅದೇ ಹೆಚ್ಚು ಸುಟ್ಟಿತು.

ದುರ್ಗದಲ್ಲಿ ಆರು ದಿನ ಇರಬೇಕಾಯಿತು. ರಕ್ತ ಏರಿಸಿದರು, ಬಿಳಿ ಔಷಧಿ ಕುಡಿಸಿದರು, ಕಪ್ಪು ನಿಂತಿತು. ಆಸ್ಪತ್ರೆಯವರು ಮಂಚದಿಂದ ಏಳಗೊಡದಿದ್ದಾಗ ಪಾರ್ವತಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ದಿಂಬಿಗೆ ಒರಗಿಸಿ, ಕೈಗೆ ಲಿಂಗ ಕೊಟ್ಟಳು. ಪೂಜೆ ಮಂಚದ ಮೇಲೆಯೇ ಆಯಿತು. ಒಂದು ದಿನವೂ ತಪ್ಪಲಿಲ್ಲ.

ಮನೆಗೆ ಬಂದ ಮರುದಿನ ಕೊಟ್ರಮ್ಮ ಐದಕ್ಕೆ ಸ್ನಾನ ಮುಗಿಸಿ ಮಣೆಯ ಮುಂದೆ ನಿಂತಳು. ಮಂಡಿ ಮಡಿಚಲು ಹೋದರೆ ಜೀವ ಹೋಗುವಂಥ ನೋವು. ವಿಭೂತಿಯ ಪೆಟ್ಟಿಗೆಯ ಪಕ್ಕ ಕಾಗದದ ಪೊಟ್ಟಣದಲ್ಲಿ ಮೂರು ಮಾತ್ರೆ ಹಾಗೆಯೇ ಉಳಿದಿದ್ದವು. ಒಂದು ನುಂಗಿದರೆ ಸಾಕು, ಎಂದಿನಂತೆ ಕೂರಬಹುದು. ಯಾರೂ ನೋಡುತ್ತಿಲ್ಲ. ಪೊಟ್ಟಣ ಕೈಗೆ ಬಂದೂ ಆಗಿತ್ತು.

"ಪಾರ್ವತೀ," ಎಂದು ಕೂಗಿದಳು. "ಜಗಲಿ ಬೆಂಚು ಒಳಗೆ ತಗಂಬಾ."

ಪಾರ್ವತಿ ಬಾಗಿಲಲ್ಲಿ ನಿಂತು ತಡವರಿಸಿದಳು. "ಮಣೆ ಹತ್ರಕ್ಕೇನ್ರಿ ಅತ್ತೆ?"

"ಮಣೆ ಎತ್ತಿಡು. ಅಲ್ಲೇ ಹಾಕು. ಇದನ್ನ ಒಲೆಗೆ ಎಸಿ." ಪೊಟ್ಟಣವನ್ನು ಸೊಸೆಯ ಕೈಗೆ ತುರುಕಿದಳು. "ಆಸ್ಪತ್ರೆಗೆ ಹೋಗೋಕೆ ಮುಂಚೆ ಹುಚ್ಚಕ್ಕ ಸೊಂಟ ನೋವಿಗೆ ಎರಡು ಮಾತ್ರೆ ಕೊಡ್ರಿ ಅಂದಿದ್ಲು. ಮತ್ತೆ ಕೇಳಿದ್ರೆ ಡಾಕ್ಟ್ರ ತಾವ ಕಳಿಸು, ಕೊಡಬ್ಯಾಡ."

ಕಾಲು ಇಳಿಬಿಟ್ಟು ಬೆಂಚಿನ ಮೇಲೆ ಕೂತು ಕೊಟ್ರಮ್ಮ ಪೂಜೆ ಮುಗಿಸಿದಳು. ಆಮೇಲೆ ನಿಧಾನಕ್ಕೆ ಎದ್ದು ಮಂಚದ ಹತ್ತಿರ ಹೋದಳು. ಬಗ್ಗಲು ಆಗದೆ ಊರುಗೋಲಿನಿಂದ ಡಬ್ಬಿಯನ್ನು ಹೊರಗೆ ಎಳೆದು, ಅದನ್ನು ಹಾಗೆಯೇ ಕೋಲಿನಲ್ಲಿ ತಳ್ಳಿಕೊಂಡು ಅಡುಗೆಮನೆಯವರೆಗೂ ಬಂದಳು.

"ನಿನ್ನ ಕೈ ತಪ್ಪಿರಲಿಲ್ಲ ಕಣಮ್ಮ," ಎಂದಳು. "ನನ್ನ ಗಂಜಿ ಬೇರೆ ಇರ್ಲಿ. ಅವರಿಗೆ ನಿಮ್ಮೂರಿನ ಸಾರು ಮಾಡು."

ಪಾರ್ವತಿ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಆಮೇಲೆ ಒಂದು ಹಿಡಿ ತುಂಬ ಮೆಣಸಿನಕಾಯಿ ತೆಗೆದು ಬಾಣಲೆಗೆ ಸುರಿದಳು. ಘಾಟು ಮನೆಯೆಲ್ಲ ತುಂಬಿತು. ಪಡಸಾಲೆಯಲ್ಲಿ ಏಕಾಂತಪ್ಪನವರು ಒಂದು ಸಲ ಸೀನಿದರು, ಇನ್ನೊಂದು ಸಲ ಸೀನಿದರು. ಆಮೇಲೆ ಎದ್ದು ಬಂದು, ಅಡುಗೆಮನೆಯ ಬಾಗಿಲಲ್ಲಿ ಕಣ್ಣಲ್ಲಿ ನೀರು ಸುರಿಸುತ್ತಾ ನಿಂತುಕೊಂಡರು. ಕೆಮ್ಮುತ್ತಿದ್ದ ಕೊಟ್ರಮ್ಮ ಸೊಸೆಯ ಹೆಗಲು ಹಿಡಿದುಕೊಂಡಿದ್ದಳು.