ಬಸವರಾಜು ಸ್ಮಾರಕ ವಿದ್ಯಾರ್ಥಿ

“ಸಾ, ಅವರಿಗೆ ಈಜು ಬತ್ತಿತ್ತಾ?”

ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ ಕೆಂಪಣ್ಣನ ಕೈ ನಿಂತಿತು. ಹುಡುಗಿ ಕೇಳುತ್ತಿದ್ದದ್ದು ಸತ್ತವನ ಬಗ್ಗೆ. ಬಸವರಾಜು, ನೀಲಗಂಗಮ್ಮನವರ ಒಬ್ಬನೇ ಮಗ. ಹದಿನೈದು ವರ್ಷದ ಹಿಂದೆ ಹೇಮಾವತಿ ತುಂಬಿ ಬಂದಾಗ ಕೊಚ್ಚಿಹೋದವನು. ಅವನ ಹೆಸರಿನ ವಿದ್ಯಾರ್ಥಿವೇತನದಲ್ಲಿ ಕೆಂಪಣ್ಣ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್, ಬಿ.ಎ. ಓದಿದ್ದ. ವರ್ಷಕ್ಕೊಂದರಂತೆ ಅವನ ಮೇಲೆ ನಾಲ್ಕು ಪ್ರಬಂಧ ಬರೆದಿದ್ದ. ಅವನಿಗೆ ಈಜು ಬರುತ್ತಿತ್ತೇ ಎಂಬ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ.

“ಅದೆಲ್ಲ ಬೇಡ. ಗುಣ ಬರಿ. ವಿನಯ, ಓದಿನಲ್ಲಿ ಆಸಕ್ತಿ, ಬಡವರಲ್ಲಿ ಕರುಣೆ.”

“ನೀವು ಕಂಡಿದ್ರಾ ಸಾ?”

“ಎಲ್ಲರೂ ಅದನ್ನೇ ಬರೆಯೋದು.”

ಸುಬ್ಬಮ್ಮ ಹಾಳೆಯ ಕಡೆ ನೋಡಿದಳು. ಬರೆಯಲಿಲ್ಲ. ಹದಿಮೂರು ವರ್ಷ. ಹೊಳೆನರಸೀಪುರದ ಬೆಸ್ತರ ಕೇರಿಯಿಂದ ಮಿಡ್ಲಿಸ್ಕೂಲು ಮುಗಿಸಿದ ಮೊದಲ ಹುಡುಗಿ. ಹಾಸನದ ಹೈಸ್ಕೂಲಿಗೆ ಹೋಗಬೇಕಾದರೆ ಇವತ್ತು ಸಂಜೆಯೊಳಗೆ ಒಂದು ಪುಟ ಪ್ರಬಂಧ ಆಗಬೇಕು, ಅದನ್ನು ನೀಲಗಂಗಮ್ಮನವರ ಮುಂದೆ ನಿಂತು ಓದಬೇಕು, ಅವರು ತಲೆಯಾಡಿಸಬೇಕು. ಇಲ್ಲವಾದರೆ ಮಾಘದಲ್ಲಿ ಮದುವೆ, ಗಂಡೂ ಗೊತ್ತಾಗಿತ್ತು.

ಕೆಂಪಣ್ಣ ಹಾಸನದಲ್ಲಿ ಗುಮಾಸ್ತ. ಪ್ರತಿ ವರ್ಷ ಈ ದಿನ ರಜ ಹಾಕಿ, ಬೆಳಗಿನ ಬಸ್ಸಿನಲ್ಲಿ ಬಂದು, ಅಪ್ಪನ ಜಗಲಿಯ ಮೇಲೆ ಕುಳಿತು ವಿದ್ಯಾರ್ಥಿವೇತನದ ಅರ್ಜಿ ನೋಡುತ್ತಿದ್ದ. ಮೈಸೂರಿನ ಹಾಸ್ಟೆಲಿನಲ್ಲಿ ಹುಡುಗರು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಸ್ಮಾರಕ’ ಎನ್ನುತ್ತಿದ್ದರು. ‘ಸ್ಮಾರಕ ಊಟಕ್ಕೆ ಬಂತೇನ್ರೋ?’ ಅವನೂ ನಗುತ್ತಿದ್ದ.

ಜಗಲಿಯ ಇನ್ನೊಂದು ಮೂಲೆಯಲ್ಲಿ ಅವನ ಅಪ್ಪ ಬೋರಪ್ಪ ಬಲೆ ಹೆಣೆಯುತ್ತಿದ್ದ. ನೂಲು ನೀಲಗಂಗಮ್ಮನವರದು. ವಿದ್ಯಾರ್ಥಿವೇತನದ ಜೊತೆಗೆ ವರ್ಷಕ್ಕೊಮ್ಮೆ ಕೇರಿಗೆಲ್ಲ ನೂಲು ಕೊಡಿಸುತ್ತಿದ್ದರು. ಕಾಗದದಲ್ಲಿ ಮಾತ್ರ ‘ಬಲೆ’ ಎಂದು ಬರೆಯಗೊಡುತ್ತಿರಲಿಲ್ಲ. ಲಿಂಗಪೂಜೆಯ ಮನೆ. ‘ಕೈಕಸುಬಿನ ನೂಲು’ ಎಂದು ಕೆಂಪಣ್ಣನೇ ಪದ ಹುಡುಕಿ ಕೊಟ್ಟಿದ್ದ.

ಸುಬ್ಬಮ್ಮ ಆ ಮೂಲೆಗೆ ತಿರುಗಿದಳು. “ಬೋರಜ್ಜ, ನೀನೇ ತಾನೆ ಅವರನ್ನ ಎತ್ತಿದ್ದು? ಎಂಗಿದ್ರು?”

“ಎಂಗಿರ್ತಾರೆ. ನೀರಾಗೆ ನಾಕ್ ದಿನ ಇದ್ದೋರು.”

“ಆದ್ರೂವೆ.”

ಬೋರಪ್ಪ ಗಂಟು ಬಿಗಿದ. “ಕೆಳಗಡೆ ಮಡುವಿನ ತಾವ ಬೇರಿಗೆ ಸಿಕ್ಕಾಕಂಡಿತ್ತು. ಮಕ ಇರ್ನಿಲ್ಲ. ಮೀನು ತಿಂದಿದ್ವು. ಕೊಳ್ಳಾಗೆ ಲಿಂಗದ ಕರಡಿಗೆನೂ ಇರ್ನಿಲ್ಲ.”

“ಹರಿವಿನಲ್ಲಿ ಹೋಗಿರಬಹುದು,” ಎಂದ ಕೆಂಪಣ್ಣ.

“ಓಗಿರಬೌದು.” ಬೋರಪ್ಪ ಇನ್ನೊಂದು ಗಂಟು ಹಾಕಿದ. “ತೋಳಿನ ಮ್ಯಾಲೆ ಅಚ್ಚೆ ಇತ್ತು. ಚೇಳಿಂದು.”

ಜಗಲಿಯ ಕೆಳಗೆ ಕೋಳಿಯೊಂದು ಕೆದಕುತ್ತಿತ್ತು. ಅಪ್ಪ ಹೇಳಿದ್ದು ಕೆಂಪಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮನೆತನದಲ್ಲಿ ಯಾರು ಚೇಳಿನ ಹಚ್ಚೆ ಹಾಕಿಸಿಕೊಳ್ಳುತ್ತಾರೆ?

“ಹಾಗಾದರೆ ಅದು ಅವನಲ್ಲ.”

“ನಂಗೇನ್ ಗೊತ್ತಪ್ಪ. ಆಯಮ್ಮ ನಾಕ್ ದಿನದಿಂದ ಅನ್ನ ನೀರಿಲ್ದೆ ಮಳಲಿನ ಮ್ಯಾಲೆ ಕುಂತಿತ್ತು. ದಡಕ್ಕೆ ಎಳ್ಕೊಂಡು ಬರೋವಾಗ್ಲೆ ಎದ್ದು ‘ನನ್ ಮಗ’ ಅಂತು. ನಾನು ಪಂಚೆ ಬಿಚ್ಚಿ ತೋಳು ಮುಚ್ಚುದೆ.”

“ಯಾಕೆ?”

“ಅಯ್ಯೋ, ಯಾಕೆ ಅಂತೀಯ.”

“ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಾ?”

“ಯಾರ್ ಕೇಳುದ್ರು?”

“ನನಗಾದರೂ.”

ಬೋರಪ್ಪ ಮೊದಲ ಸಲ ತಲೆಯೆತ್ತಿದ. ಮಗ ಬಿ.ಎ. ಆದಂದಿನಿಂದ ಅವನನ್ನು ‘ಲೇ’ ಎನ್ನುವುದನ್ನು ಬಿಟ್ಟಿದ್ದ. “ನೀನು ಅವರ ಮ್ಯಾಲೆ ವರ್ಸವರ್ಸ ಬರೀತಿದ್ದಲ್ಲಪ್ಪ. ನಿಂಗೆಲ್ಲ ಗೊತ್ತೈತೆ ಅಂದ್ಕಂಡೆ.”

ಕೆಂಪಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ವಿಚಿತ್ರವಾದ ಕುತೂಹಲ, ಬೇರೆಯವರ ಕಾಗದ ಒಡೆದು ಓದುವಾಗಿನಂಥದು. ಚೇಳಿನ ಹಚ್ಚೆಯವನು ಯಾರು? ಹೊಳೆಯ ಮೇಲ್ಭಾಗದ ಯಾವುದೋ ಊರಿನಲ್ಲಿ ಅವನಿಗಾಗಿ ಯಾರು ಕಾದರು, ಎಷ್ಟು ದಿನ ಕಾದು ಬಿಟ್ಟರು? ಇನ್ನು ಬಸವರಾಜು? ಸತ್ತಿರಲಿಲ್ಲವೆಂದರೆ ಈಗ ಮೂವತ್ತು ದಾಟಿರುತ್ತದೆ. ಪೂನಾದಲ್ಲೋ ಮದರಾಸಿನಲ್ಲೋ, ಬೇರೆ ಹೆಸರಿಟ್ಟುಕೊಂಡು, ಯಾವುದೋ ಕಛೇರಿಯ ಮೇಜಿನ ಹಿಂದೆ ಕುಳಿತಿರಬಹುದು. ಆ ಮುಖವನ್ನು ಊಹಿಸಲು ಯತ್ನಿಸಿದ. ತನ್ನದೇ ಬಂತು.

ನಾಲ್ಕು ಪ್ರಬಂಧಗಳಲ್ಲಿ ಇಲ್ಲದ ಜೀವ ಈಗ ಬಸವರಾಜುವಿಗೆ ಬಂದಿತ್ತು.

“ಸಾ, ಈಗೇನ್ ಬರೀಲಿ?” ಸುಬ್ಬಮ್ಮನ ಕಣ್ಣು ಹೊಳೆಯುತ್ತಿತ್ತು. “ಇದನ್ನೇ ಬರದ್ರೆ?”

ಬರೆದರೆ ಏನಾಗುತ್ತದೆ ಎಂದು ಅವನಿಗೆ ನೋಡಬೇಕೆನಿಸಿತು. ನಿಜವಾಗಿಯೂ ಅನಿಸಿತು. ಜಗಲಿಯ ಮೇಲೆ ಹರಡಿದ್ದ ನೂಲಿನ ಕಡೆ ಕಣ್ಣು ಹೋಯಿತು. ಗಂಟಲು ಸರಿಮಾಡಿಕೊಂಡ.

“ಬರಕೋ. ಶ್ರೀ ಬಸವರಾಜು ಅವರು ಬಾಲ್ಯದಿಂದಲೇ ವಿನಯಶೀಲರೂ ಕರುಣಾಳುಗಳೂ ಆಗಿದ್ದರು.”

ಅವನ ಎರಡನೆಯ ವರ್ಷದ ಪ್ರಬಂಧ. ಒಂದು ಅಕ್ಷರವೂ ಮರೆತಿರಲಿಲ್ಲ. ಸುಬ್ಬಮ್ಮ ಅವನನ್ನೇ ಒಂದು ಗಳಿಗೆ ನೋಡಿ ತಲೆ ಬಗ್ಗಿಸಿದಳು. ಪುಟ ತುಂಬುವವರೆಗೂ ಮತ್ತೆ ಏನನ್ನೂ ಕೇಳಲಿಲ್ಲ.

ನೀಲಗಂಗಮ್ಮನವರ ಪಡಸಾಲೆಯಲ್ಲಿ ಕೆಂಪಣ್ಣನಿಗೆ ಕುರ್ಚಿ ಹಾಕಿದರು, ಅದೂ ಬಿ.ಎ. ಆದಮೇಲೆ ಬಂದದ್ದು. ಸುಬ್ಬಮ್ಮ ಅಂಗಳದಲ್ಲಿ ನಿಂತು ಓದಿದಳು. ತಪ್ಪಿಲ್ಲದೆ, ಏರಿಳಿತವಿಲ್ಲದೆ. ಮುದುಕಿ ಕಣ್ಣು ಮುಚ್ಚಿ ಕೇಳಿದರು. ಕೊನೆಯಲ್ಲಿ ತಲೆಯಾಡಿಸಿದರು.

“ಅಕ್ಷರ ಸ್ಪಷ್ಟವಾಗಿದೆ. ಹಾಸನಕ್ಕೆ ಹೋಗಲಿ.”

ಹುಡುಗಿ ನಮಸ್ಕರಿಸಿ ಹೋದಳು. ಕೆಂಪಣ್ಣ ಏಳಬೇಕಿತ್ತು. ಏಳಲಿಲ್ಲ.

“ಅಮ್ಮಾವ್ರೆ, ಬಸವರಾಜು ಅವರ ತೋಳ ಮೇಲೆ ಏನಾದರೂ ಗುರುತಿತ್ತಾ?”

ಅವರು ಕಣ್ಣು ತೆರೆದರು. “ಯಾವ ತೋಳು?”

“ಯಾವುದಾದರೂ.”

“ಯಾಕಪ್ಪ?”

“ಸುಮ್ಮನೆ. ಮುಂದೆ ಬರೆಯುವವರಿಗೆ ಅನುಕೂಲ ಅಂತ.”

ನೀಲಗಂಗಮ್ಮ ಸೆರಗಿನ ಅಂಚನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. “ನಿಮ್ಮಪ್ಪ ಅವತ್ತು ಉಟ್ಟ ಪಂಚೆ ಬಿಚ್ಚಿ ಹೊದಿಸಿದ. ಅಷ್ಟು ಜನದ ಮುಂದೆ ಲಂಗೋಟಿಯಲ್ಲಿ ನಿಂತಿದ್ದ. ಗಾಳಿಗೆ ಪಂಚೆ ಹಾರದ ಹಾಗೆ ನಾನೇ ಅಂಚು ಹಿಡಕೊಂಡು ಕೂತೆ.” ಸೆರಗನ್ನು ಕೈಯಿಂದ ಬಿಟ್ಟರು. “ನಿಮ್ಮಪ್ಪನನ್ನ ಏನೂ ಕೇಳಬೇಡ. ವಯಸ್ಸಾಗಿದೆ.”

“ಇಲ್ಲ.”

“ನೀನು ಚೆನ್ನಾಗಿ ಬರೀತಿದ್ದೆ ಕೆಂಪಣ್ಣ. ನೀನು ಓದುವಾಗ ನನಗೆ ನನ್ನ ಮಗನೇ ಕಾಣ್ತಿದ್ದ.”

ಯಾರು ಕಾಣುತ್ತಿದ್ದರು ಎಂದು ಅವನು ಕೇಳಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಳೆಯ ಬದಿಯ ಓಣಿ ಹಿಡಿದ. ಎರಡು ಕಡೆಯೂ ಕತ್ತಾಳೆ ಬೇಲಿ, ಒಬ್ಬರು ನಡೆಯುವಷ್ಟೇ ದಾರಿ. ಎದುರಿನಿಂದ ಯಾರೋ ತೊಗಲಿನ ಹರಿಗೋಲನ್ನು ಬೋರಲು ಹೊತ್ತು ಬರುತ್ತಿದ್ದ. ತಲೆಯಿಲ್ಲ, ತೋಳಿಲ್ಲ, ಕರಿಯ ದೊಡ್ಡ ಚಿಪ್ಪಿಗೆ ಒದ್ದೆಯಾದ ಎರಡು ಕಾಲು. ಕಾಲುಗಳು ಹತ್ತಿರ ಬಂದವು.

“ಯಾರದು?” ಎಂದ ಕೆಂಪಣ್ಣ.

ಹರಿಗೋಲು ನಿಂತಿತು. ಒಳಗಿದ್ದವನಿಗೆ ಕಾಣುತ್ತಿದ್ದದ್ದು ಇವನ ಬೂಟುಗಳು ಮಾತ್ರ.

“ನಾನು ಸಾ.” ಬಾವಿಯೊಳಗಿಂದ ಬಂದಂಥ ದನಿ. “ತಾವ್ಯಾರು?”

ಕೆಂಪಣ್ಣ ಬಾಯಿ ತೆರೆದ. ನಾಲಿಗೆಯ ತುದಿಗೆ ಬಂದದ್ದು ತನ್ನ ಹೆಸರಲ್ಲ, ‘ಸ್ಮಾರಕ’. ಹರಿಗೋಲು ಕಾಯುತ್ತ ನಿಂತಿತ್ತು. ಅದರ ಅಂಚಿನಿಂದ ಹೊಳೆಯ ನೀರು ಒಂದೊಂದೇ ಹನಿಯಾಗಿ ಅವರಿಬ್ಬರ ನಡುವಿನ ಮಣ್ಣಿಗೆ ಬೀಳುತ್ತಿತ್ತು.