ಶಬ್ದ ಬರೆಯಲು ಬಾರದವನು

ಒಂದು ಶಬ್ದ ನೆಟ್ಟಗೆ ಬರೆಯೋಕೆ ಬರಲ್ಲ, ಶಬ್ದದ ಮೇಲೆ ದೂರು ಕೊಡೋಕೆ ಬಂದಿದಾನೆ ನೋಡ್ರಪ್ಪ — ಅಂದ ಗುಮಾಸ್ತ, ನನಗಲ್ಲ, ನನ್ನ ಹಿಂದೆ ನಿಂತ ಸಾಲಿಗೆ ಅಂದ, ಸಾಲು ನಕ್ಕಿತು, ಪಕ್ಕದ ಮನೆ ನಾಯಿ ಬೊಗಳುತ್ತೆ ಅಂತ ದೂರು ತಂದ ಹೆಂಗಸೂ ನಕ್ಕಳು, ಮೈಕಿನ ಕಾಟಕ್ಕೆ ಬಂದ ಯಜಮಾನರು ಕೆಮ್ಮಿನೊಳಗೆ ನಗು ಬಚ್ಚಿಟ್ಟುಕೊಂಡರು, ನಿದ್ದೆಗೆಟ್ಟ ಕಿವಿಗೆ ನಗುವೂ ನಮ್ಮ ಮನೆ ಎದುರಿನ ಗ್ರಿಲ್ ಅಂಗಡಿಯ ಕಟಿಂಗ್ ಮಷಿನ್ನಿನ ಹಾಗೇ ಕೇಳುತ್ತೆ, ಮೊದಲು ಕಿರ್ ಅಂತ ಸಣ್ಣಗೆ, ಆಮೇಲೆ ಕಬ್ಬಿಣ ಕಚ್ಚಿಕೊಂಡು ಘರ್ರ್ — ನನ್ನ ಹಾಳೆಯ ಮೇಲೆ ಬೆರಳಿಟ್ಟಿದ್ದಾನೆ, ಉಗುರು ಒಪ್ಪವಾಗಿ ಕತ್ತರಿಸಿದ ಬೆರಳು, ಶಬ್ದಕ್ಕೆ ದ ಸಾಕು ಕಣಯ್ಯ, ನೀನು ದ ಹೊಟ್ಟೆ ಸೀಳಿ ಧ ಮಾಡಿದೀಯ, ಒಂದು ಸಲ ಅಲ್ಲ, ಪ್ರತಿ ಸಾಲಲ್ಲೂ, ಎಷ್ಟನೇ ಕ್ಲಾಸು ಓದಿದೀಯ, ಏಳು, ಅಂದೆ, ಓ, ಏಳು ಅಂದ ತಕ್ಷಣ ಎದ್ದು ಬಂದುಬಿಟ್ಯಾ ಅಂದ, ಮತ್ತೆ ನಗು, ಈ ಸಲ ಯಜಮಾನರು ಕೆಮ್ಮಲೂ ಇಲ್ಲ — ಧ ಅಂತ ನಾನು ಕಲಿತದ್ದು ಎಲ್ಲಿ, ಇಲ್ಲೇ, ಅವನ ತಲೆಯ ಮೇಲೆ ನೇತಾಡುವ ನಗರಸಭೆಯ ಬೋರ್ಡಿನಲ್ಲಿ, ಶಬ್ಧ ದೂರು ವಿಭಾಗ, ಹಳದಿ ಮೇಲೆ ಕಪ್ಪು ಅಕ್ಷರ, ಮೊದಲ ದಿನ ಇದೇ ಜಾಗದಲ್ಲಿ ನಿಂತು ಅಂಗೈ ಮೇಲೆ ಬರೆದುಕೊಂಡು ಹೋಗಿದ್ದೆ, ತಪ್ಪಾಗಬಾರದು ಅಂತ, ಈಗ ಹೇಳಬಹುದು, ಸಾರ್ ಒಂಚೂರು ತಲೆ ಎತ್ತಿ ಅಂತ, ಸಾಲು ಆಗ ಅವನನ್ನು ನೋಡಿ ನಗುತ್ತೆ, ನಗಿಸಿ ಏನು ಮಾಡಲಿ, ಸೀಲು ಅವನ ಹತ್ತಿರ ಇದೆ, ಸೀಲು ಬಿದ್ದರೆ ನೋಟಿಸು, ನೋಟಿಸು ಹೋದರೆ ಗ್ರಿಲ್ ಅಂಗಡಿ ಮಧ್ಯಾಹ್ನ ಬಾಯಿ ಮುಚ್ಚಬೇಕು, ಹನ್ನೆರಡರಿಂದ ನಾಲ್ಕು, ನಾಲ್ಕು ಗಂಟೆ ನಿದ್ದೆ, ಅಷ್ಟೇ ನಾನು ಕೇಳಿದ್ದು, ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದುವವನಿಗೆ ಹಗಲೇ ತಾನೆ ರಾತ್ರಿ.

ಗ್ರಿಲ್ ಅಂಗಡಿಯವನನ್ನೇ ಕೇಳಿದ್ದೆ ಮೊದಲು, ನಿನಗೆ ನಿದ್ದೆ, ನನಗೆ ಅನ್ನ ತಮ್ಮಾ, ಏನು ಮಾಡೋಣ ಹೇಳು ಅಂದ, ಕಿವಿಗಿಡು ಅಂತ ಹತ್ತಿ ಕೊಟ್ಟ, ಟೀ ಕುಡಿಸಿದ, ಒಳ್ಳೆಯವನು, ಅದೇ ತೊಂದರೆ, ಕೆಟ್ಟವನಾಗಿದ್ದರೆ ಎರಡು ಬಿಟ್ಟು ಬರಬಹುದಿತ್ತು — ಆಮೇಲೆ ನಗರಸಭೆಯವರು ಶಬ್ದ ಅಳೆಯುವ ಮೀಟರ್ ತಂದರು, ಬರುವ ದಿನ, ಗಂಟೆ ಎಲ್ಲವನ್ನೂ ಅಂಗಡಿಯವನಿಗೆ ಮೊದಲೇ ಕಾಗದ ಬರೆದು ತಿಳಿಸಿಯೇ ಬಂದರು, ಅಂಗಡಿಗೆ ಬೀಗ, ಮೀಟರಿಗೆ ಸಿಕ್ಕಿದ್ದು ಅಕ್ಕನ ಕುಕ್ಕರ್ ಕೂಗಿದ್ದು ಒಂದೇ, ನಿಮ್ಮ ಮನೆದೇ ಜಾಸ್ತಿ ಇದೆಯಲ್ಲಮ್ಮ ಅಂತ ಬರೆದುಕೊಂಡು ಹೋದರು, ಅಕ್ಕ ಮೂರು ದಿನ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದಳು, ಭಯಕ್ಕೆ — ಹಾಗಾಗಿ ನಗರಸಭೆ ಕೊಟ್ಟ ಈ ಹಾಳೆ, ಹದಿನಾಲ್ಕು ದಿನ ಬಿಡದೆ ಬರೆಯಬೇಕು, ಶುರುವಾದ ಗಂಟೆ, ನಿಂತ ಗಂಟೆ, ಶಬ್ದ ಎಂಥದ್ದು, ದೂರುದಾರನ ಸ್ವಂತ ಕೈಬರಹ, ಕೊಡೋ ನಾನು ಬರೀತೀನಿ, ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ ಅಂದಳು ಅಕ್ಕ, ಬೇಡ, ಸ್ವಂತ ಅಂತ ಇದೆ, ನಾನೇ ಬರೆದೆ, ಚಾಪೆ ಮೇಲೆ ಮಗ್ಗುಲಾಗಿ ಮಲಗಿ, ನಿದ್ದೆ ಹೇಗೂ ಇಲ್ಲವಲ್ಲ, ಕಿವಿ ಕೊಟ್ಟು ಕೇಳಿದೆ, ತೆಳು ತಗಡಾದರೆ ಸುಯ್ಯ್, ದಪ್ಪ ಸರಳಾದರೆ ಘರ್ರ್, ತುಂಡು ಬಿದ್ದಾಗ ಠಣ್, ಅದಕ್ಕೆ ಮಹಾಪ್ರಾಣವೇ ಆಗಬೇಕು, ಟಣ್ ಅಂದರೆ ಅದಲ್ಲ, ಒಂದೊಂದನ್ನೂ ಅಳಿಸಿ ತಿದ್ದಿ ಬರೆದೆ, ಸ್ಕೂಲಿನಲ್ಲಿ ಯಾವತ್ತೂ ಅಷ್ಟು ಒದ್ದಾಡಿ ಬರೆದವನಲ್ಲ — ಈಗ ಅದನ್ನೇ ಗುಮಾಸ್ತ ಜೋರಾಗಿ ಓದುತ್ತಿದ್ದಾನೆ, ನಾಲ್ಕನೇ ದಿನ, ಘರ್ರ್ರ್ ಸುಯ್ಯ್ ಠಣ್, ಏನಪ್ಪಾ ಇದು, ದೂರೋ ಬ್ಯಾಂಡ್ ಸೆಟ್ಟೋ, ಯಂತ್ರದ ಶಬ್ದ ಅಂತ ಬರೆದಿದ್ದರೆ ಮುಗೀತಿತ್ತು, ಓದು, ಓದಿ ಮುಗಿಸು ಮಾರಾಯ, ನಿಂತಲ್ಲೇ ಕಣ್ಣು ಎಳೆಯುತ್ತಿದೆ, ಹಾಳೆ ತಿರುಗಿಸಿದ, ನಗು ನಿಂತಿತು, ಈಗ ಕಚೇರಿಯ ದನಿ, ಹನ್ನೊಂದನೇ ದಿನ ಯಾಕೆ ಖಾಲಿ, ಖಾಲಿ ಅಂದರೆ ಶಬ್ದ ನಿಂತಿದೆ ಅಂತ ಲೆಕ್ಕ, ಮತ್ತೆ ಒಂದರಿಂದ ಹದಿನಾಲ್ಕು ದಿನ ಬರೆದು ತಾ, ಇಲ್ಲಾಂದ್ರೆ, ಏನಾದರೂ ಕಾರಣ ಇತ್ತು ಅಂದರೆ ಚೀಟಿ ತೋರಿಸು, ಈಗಲೇ ಸೀಲು ಹೊಡೀತೀನಿ.

ಚೀಟಿ ಇದೆ, ಎಡಗೈ ಇರುವ ಜೇಬಿನಲ್ಲೇ ಇದೆ, ಬ್ಯಾಂಡೇಜಿಗೆ ಒತ್ತಿಕೊಂಡು, ಆಸ್ಪತ್ರೆಯ ಚೀಟಿ — ಹನ್ನೊಂದನೇ ದಿನ ಬೆಳಕು ಹರಿಯುವಾಗ ನಾದುವ ಮಷಿನ್ನಿನ ಮುಂದೆ ನಿಂತಿದ್ದೆ, ಕಣ್ಣು ತೆರೆದೇ ಇತ್ತು, ನಾನು ಮಾತ್ರ ನಿದ್ದೆಯಲ್ಲಿದ್ದೆ, ಬಿಳಿ ಹಿಟ್ಟು, ಅದರೊಳಗೆ ಸುತ್ತುವ ಕಬ್ಬಿಣದ ಕೈ, ಅದಕ್ಕೆ ಸುತ್ತಿಕೊಳ್ಳುತ್ತಿರುವ ನೀಲಿ ತೋಳು, ಯಾರದೋ ಅಂಗಿ ಅನ್ನಿಸಿತು, ಎಷ್ಟು ಚೆನ್ನಾಗಿ ಸುತ್ತುತ್ತಿದೆ ಅನ್ನಿಸಿತು, ಮೇಸ್ತ್ರಿ ಓಡಿ ಬಂದು ಸ್ವಿಚ್ಚು ಎಳೆದಾಗಲೇ ಅದು ನನ್ನದು ಅಂತ ಗೊತ್ತಾದದ್ದು, ಎರಡು ಬೆರಳು, ಹೊಲಿಗೆ, ಆ ಮಧ್ಯಾಹ್ನವೆಲ್ಲ ಆಸ್ಪತ್ರೆಯಲ್ಲೇ, ಬಾಗಿಲಿಗೆ ಸಿಕ್ಕಿತು ಅನ್ನು ಅಂದ ಮೇಸ್ತ್ರಿ, ಮಷಿನ್ನಿಗೆ ಮುಚ್ಚಳ ಇಲ್ಲ ಅಂತ ನಗರಸಭೆಗೆ ಗೊತ್ತಾದರೆ ಬೇಕರಿಗೆ ಬೀಗ ಬೀಳುತ್ತೆ ಮಗಾ, ನಿನಗೂ ಕೆಲಸ ಇಲ್ಲ ನನಗೂ ಇಲ್ಲ, ಅಕ್ಕನಿಗೂ ಬಾಗಿಲು ಅಂತಲೇ ಹೇಳಿದೆ, ಊದಿ ಊದಿ ಅನ್ನ ತಿನ್ನಿಸಿದಳು, ಡಾಕ್ಟರು ಮಾತ್ರ ಬಾಗಿಲು ನಂಬಲಿಲ್ಲ, ಯಂತ್ರಕ್ಕೆ ಸಿಲುಕಿ ಗಾಯ ಅಂತ ಬರೆದುಬಿಟ್ಟಿದ್ದಾರೆ, ಗುಂಡಗೆ, ಒಂದಕ್ಷರ ತಪ್ಪಿಲ್ಲ — ಬೇಕರಿಗೆ ಲೈಸೆನ್ಸ್ ಕೊಡುವ ವಿಭಾಗ ಪಕ್ಕದ ಕಿಟಕಿ, ಇವನು ಕೈ ಚಾಚಿದರೆ ಚೀಟಿ ಅಲ್ಲಿಗೆ ಹೋಗುತ್ತೆ, ಇವತ್ತಿನಿಂದ ಬಾ, ಒಂದು ಕೈಯಲ್ಲಿ ಹಿಟ್ಟು ಸುರಿದರೂ ಸಾಕು ಅಂದಿದ್ದಾನೆ ಮೇಸ್ತ್ರಿ, ಸಂಬಳ ಕೊಡೋ ಮನುಷ್ಯ, ಚೀಟಿ ಕೊಡದಿದ್ದರೆ ಇನ್ನು ಹದಿನಾಲ್ಕು ಮಧ್ಯಾಹ್ನ ನಿದ್ದೆಯಿಲ್ಲ, ಹದಿನಾಲ್ಕು ಸಲ ಅದೇ ಮಷಿನ್ನು — ಏಯ್, ನಿನ್ನನ್ನೇ ಕೇಳಿದ್ದು, ಆವತ್ತು ಶಬ್ದ ಇತ್ತೋ ಇಲ್ಲವೋ, ಅಷ್ಟನ್ನಾದರೂ ಬಾಯಲ್ಲಿ ಹೇಳು ಅಂದ ಗುಮಾಸ್ತ, ಹಾಳೆಗಳನ್ನು ಬಲಗೈಯಲ್ಲಿ ಎಳೆದುಕೊಂಡೆ, ಚೀಟಿ ಜೇಬಿನಲ್ಲೇ ಇರಲಿ, ನಾಯಿ ದೂರಿನ ಹೆಂಗಸು ದಾರಿ ಬಿಟ್ಟಳು, ಈಗ ನಗುತ್ತಿಲ್ಲ, ಏಯ್, ಮೆಟ್ಟಿಲು, ಏಯ್ ಹುಡುಗಾ, ಇನ್ನೊಂದು ಮೆಟ್ಟಿಲು, ಹಿಂದೆ ತಿರುಗಬೇಡ, ಬಿಳಿ ಹಿಟ್ಟು, ಕಬ್ಬಿಣದ ಕೈ, ನೀಲಿ ತೋಳು, ಒಂದು ಸುತ್ತು, ನೀಲಿ ತೋಳು, ಇನ್ನೊಂದು ಸುತ್ತು, ನೀಲಿ ತೋಳು